ಕೆಟ್ಟಿದ್ದು ಮೋಟ್ರಾ, ನೀರಾ?

ಇವತ್ತಿನ ಸಂಚಿಕೆ ನಮ್ಮಮ್ಮನ ಒಂದು ಫೋನ್ ಕರೆಯಿಂದ ಶುರುವಾಗುತ್ತೆ. ಏಪ್ರಿಲ್ ತಿಂಗಳು, ಬೆಳಗ್ಗೆ ಆರೂವರೆ. "ಮೋಟ್ರು ಓಡ್ತಾ ಐತೆ ಕಣೋ, ನೀರು ಮಾತ್ರ ಬತ್ತಾ ಇಲ್ಲ" ಅಂದ್ರು. ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ವಾಕ್ಯ ಕೇಳಿದ ತಕ್ಷಣ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೋಟರ್ ಓಡದೇ ಇದ್ದಿದ್ರೆ ಸಮಾಧಾನ ಇರ್ತಿತ್ತು. ಅದು ರಿಪೇರಿಯ ಮಾತು. ಮೋಟರ್ ಓಡುತ್ತಾ ನೀರು ಬರದೇ ಇದ್ರೆ ಮನಸ್ಸು ಮೊದಲು ಹೋಗೋದು ಬೇರೆ ಕಡೆಗೆ: ಬೋರು ಬತ್ತಿಹೋಯ್ತಾ?

ನಮ್ಮ ಮನೆಯ ಕೊಳವೆಬಾವಿ 2006ರಲ್ಲಿ ಕೊರೆಸಿದ್ದು. 560 ಅಡಿ ಆಳ. 420 ಅಡಿಯಲ್ಲಿ ಪಂಪು ಕೂತಿದೆ, 3 ಎಚ್‌ಪಿ, ಸಿಂಗಲ್ ಫೇಸು. ಊರ ಕೆರೆಯ ಕಟ್ಟೆಯ ಕೆಳಗೇ ಮನೆ ಇರೋದ್ರಿಂದ ಇಷ್ಟು ಕಡಿಮೆ ಆಳದಲ್ಲೇ ಇಷ್ಟು ವರ್ಷ ನೀರು ಸಿಕ್ಕಿದೆ. ಅಕ್ಕಪಕ್ಕದ ಊರುಗಳಲ್ಲಿ ಸಾವಿರ ಅಡಿ ದಾಟಿದವರು ಬೇಕಾದಷ್ಟು ಜನ ಇದ್ದಾರೆ.

ನಾನು ಬೆಂಗಳೂರಿನಿಂದ ಹೋಗಿ ತಲುಪುವಷ್ಟರಲ್ಲಿ ಮನೆ ಮುಂದೆ ಇಬ್ಬರು ಕೂತಿದ್ರು. ಒಬ್ಬರು ಬೋರ್‌ವೆಲ್ ರಿಗ್ಗಿನ ಏಜೆಂಟ್. "ಹಳೇ ಬೋರು ಸಾರ್, ಹೋಗಿದೆ. 1,200 ಅಡಿ ಹಾಕಿಸಿಬಿಡಿ, ನಾಳೆ ಗಾಡಿ ಕಳಿಸ್ತೀನಿ" ಅಂತ ಆಗಲೇ ಅಮ್ಮನ ಜೊತೆ ಮಾತು ಮುಗಿಸುವ ಹಂತದಲ್ಲಿದ್ರು. ಅಮ್ಮ ಕೈಬಳೆ ಮುಟ್ಟಿ ನೋಡಿಕೊಳ್ತಾ ಇದ್ರು. ಇನ್ನೊಬ್ಬರು ನಮ್ಮ ಮೋಟರ್ ಮೆಕ್ಯಾನಿಕ್. ಅವರು ಏನೂ ಮಾತಾಡದೆ ಬೀಡಿ ಸೇದ್ತಾ ಪ್ಯಾನೆಲ್ ಬೋರ್ಡನ್ನೇ ನೋಡ್ತಾ ಇದ್ರು.

ಮೆಕ್ಯಾನಿಕ್ ಹಸಿರು ಬಟನ್ ಒತ್ತಿದ್ರು. ಮೋಟರ್ ಒಂದೇ ಏಟಿಗೆ ಹೊರಟಿತು. ಹಾಗಾದ್ರೆ ಕೆಪಾಸಿಟರ್ ಸರಿ ಇದೆ. ಅದು ಹೋಗಿದ್ರೆ ಗುಂಯ್ ಅಂತ ಗುನುಗಿ ಟ್ರಿಪ್ ಆಗ್ತಿತ್ತು. ವೋಲ್ಟೇಜು 215, ತೊಂದರೆ ಇಲ್ಲ. ವೈಂಡಿಂಗ್ ಸುಟ್ಟಿದ್ರೆ ಎಂಸಿಬಿ ನಿಲ್ತಾನೇ ಇರಲಿಲ್ಲ. ಮರಳು ಸಿಕ್ಕಿ ಪಂಪು ಹಿಡ್ಕೊಂಡಿದ್ರೆ ಆಂಪ್ಸು ಮೇಲಕ್ಕೆ ಹಾರ್ತಿತ್ತು. ಆದ್ರೆ ಇಲ್ಲಿ ಉಲ್ಟಾ. ಯಾವಾಗಲೂ 18ರಲ್ಲಿ ನಿಲ್ಲುವ ಮುಳ್ಳು 11ರಲ್ಲಿ ನಿಂತಿತ್ತು. "ಮೋಟ್ರಿಗೆ ಕೆಲ್ಸ ಇಲ್ಲ ಅಣ್ಣಾ. ಸುಮ್ನೆ ತಿರುಗ್ತಾ ಐತೆ" ಅಂದ್ರು ಮೆಕ್ಯಾನಿಕ್.

ಏಜೆಂಟ್ ಖುಷಿಯಾದ್ರು. "ಅದೇ ನಾನು ಹೇಳಿದ್ದು, ನೀರೇ ಇಲ್ಲ."

ಮೆಕ್ಯಾನಿಕ್ ತಲೆ ಅಲ್ಲಾಡಿಸಿದ್ರು. ಮೋಟರ್‌ಗೆ ಕೆಲಸ ಇಲ್ಲ ಅನ್ನೋದಕ್ಕೆ ಎರಡು ಕಾರಣ ಇರಬಹುದು. ಒಂದು, ಎತ್ತೋಕೆ ನೀರಿಲ್ಲ. ಇನ್ನೊಂದು, ಮೋಟರ್ರಿಗೂ ಪಂಪಿಗೂ ನಡುವಿನ ಕಪ್ಲಿಂಗ್ ತುಂಡಾಗಿದೆ, ಕೆಳಗೆ ಮೋಟರ್ ತಿರುಗಿದ್ರೂ ಮೇಲಿನ ಪಂಪು ಕದಲ್ತಾ ಇಲ್ಲ. ಎರಡರಲ್ಲೂ ಮೀಟರಿನ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತೆ. ಮೊದಲನೆಯದಕ್ಕೆ ಲಕ್ಷಗಟ್ಟಲೆ ಸಾಲ. ಎರಡನೆಯದಕ್ಕೆ ಒಂದು ದಿನದ ಕೂಲಿ, ಅಂಗೈ ಅಗಲದ ಒಂದು ಸಾಮಾನು.

ಈ ಪ್ರಶ್ನೆ ಇದೆಯಲ್ಲ, ಕೆಟ್ಟಿದ್ದು ಯಂತ್ರವೋ ನೀರೋ ಅನ್ನೋದು, ಇದು ಕೋಲಾರದ್ದೂ ಅಲ್ಲ, ನಮ್ಮ ಕಾಲದ್ದೂ ಅಲ್ಲ. ಇದಕ್ಕೆ ಸುಮಾರು ನಾನೂರು ವರ್ಷದ ಒಂದು ದಾಖಲೆಯೇ ಇದೆ, ಅದೂ ಗೆಲಿಲಿಯೋನ ಪುಸ್ತಕದಲ್ಲಿ.

1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾದ 'ಎರಡು ಹೊಸ ವಿಜ್ಞಾನಗಳು' ಎಂಬ ಗ್ರಂಥ ಅದು. ಬರೆದಾಗ ಗೆಲಿಲಿಯೋ ಇಟಲಿಯಲ್ಲಿ ಗೃಹಬಂಧನದಲ್ಲಿದ್ದ. ಪುಸ್ತಕ ಇರೋದು ಮೂವರ ಸಂಭಾಷಣೆಯ ರೂಪದಲ್ಲಿ. ಅದರಲ್ಲಿ ಸಗ್ರೇಡೋ ಎಂಬ ಪಾತ್ರ ಒಂದು ಅನುಭವ ಹೇಳಿಕೊಳ್ಳುತ್ತೆ. ಒಂದು ನೀರಿನ ತೊಟ್ಟಿಗೆ ಹೀರುವ ಪಂಪು ಹಾಕಿಸಿದ್ದರಂತೆ. ತೊಟ್ಟಿಯಲ್ಲಿ ನೀರು ಒಂದು ಮಟ್ಟದವರೆಗೆ ಇರುವಾಗ ಚೆನ್ನಾಗಿ ಕೆಲಸ ಮಾಡುತ್ತಿದ್ದ ಪಂಪು, ನೀರು ಅದಕ್ಕಿಂತ ಕೆಳಗಿಳಿದ ಕೂಡಲೇ ನಿಂತುಬಿಡ್ತಿತ್ತು. ಪಂಪು ಕೆಟ್ಟಿದೆ ಅಂದುಕೊಂಡು ರಿಪೇರಿಯವನನ್ನು ಕರೆಸಿದರೆ ಆತ ನೋಡಿ, ದೋಷ ಪಂಪಿನದಲ್ಲ, ನೀರಿನದು, ಅದು ತೀರಾ ಕೆಳಗೆ ಇಳಿದಿದೆ, ಇಂಥ ಯಾವ ಯಂತ್ರವೂ 18 ಮೊಳಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ನೀರನ್ನು ಎಳೆಯಲಾರದು ಅಂದುಬಿಟ್ಟನಂತೆ. ಆ ಮೊಳದ ಲೆಕ್ಕದಲ್ಲಿ 18 ಅಂದ್ರೆ ಸುಮಾರು 10 ಮೀಟರ್.

ನೋಡಿ, ಆ ರಿಪೇರಿಯವನಿಗೆ ಪುಸ್ತಕದಲ್ಲಿ ಹೆಸರಿಲ್ಲ. ವಿದ್ವಾಂಸರಿಗೆ ಗೊತ್ತಿಲ್ಲದ ವಿಷಯ ಅವನಿಗೆ ಗೊತ್ತಿತ್ತು. ಕಾರಣ ಗೊತ್ತಿತ್ತೋ ಇಲ್ಲವೋ, ಮಿತಿಯಂತೂ ಗೊತ್ತಿತ್ತು. ಗೆಲಿಲಿಯೋ ಇದಕ್ಕೆ ಕೊಟ್ಟ ಕಾರಣ ತಪ್ಪು. ನೀರಿನ ಕಂಬ ತನ್ನದೇ ಭಾರಕ್ಕೆ, ಹಗ್ಗ ತುಂಡಾದ ಹಾಗೆ, ತುಂಡಾಗುತ್ತೆ ಅಂದುಕೊಂಡಿದ್ದ. ಅವನ ಶಿಷ್ಯ ಟೊರಿಸೆಲ್ಲಿ 1640ರ ದಶಕದಲ್ಲಿ ಪಾದರಸದ ಪ್ರಯೋಗದಿಂದ ಸರಿಯಾದ ಉತ್ತರ ಕಂಡುಕೊಂಡ. ಪಂಪು ನೀರನ್ನು ಎಳೆಯೋದೇ ಇಲ್ಲ. ಹೊರಗಿನ ಗಾಳಿಯ ಒತ್ತಡ ನೀರನ್ನು ಕೊಳವೆಯೊಳಕ್ಕೆ ತಳ್ಳುತ್ತೆ, ಆ ಒತ್ತಡಕ್ಕೆ ಇರೋ ಶಕ್ತಿ ಅಷ್ಟೇ. ಲೆಕ್ಕದಲ್ಲಿ 34 ಅಡಿ. ವ್ಯವಹಾರದಲ್ಲಿ 20–25 ಅಡಿ ಬಂದ್ರೆ ದೊಡ್ಡದು.

ಈ ಅಂಕಿ ನಮ್ಮ ತೆರೆದ ಬಾವಿಗಳ ಚರಿತ್ರೆಯನ್ನೇ ಬರೆದಿದೆ.

ಅದಕ್ಕೂ ಮುಂಚಿನ ಕಪಿಲೆಗೆ ಈ ಮಿತಿ ಇರಲಿಲ್ಲ. ಜೋಡೆತ್ತು, ಮಿಣಿ, ರಾಟೆ, ಚರ್ಮದ ಬಾನಿ. ಬಾನಿ ಹರಿದರೆ ಚರ್ಮದ ಕೆಲಸದವರು ಹೊಲಿದು ಕೊಡ್ತಿದ್ರು, ರಾಟೆಯ ಅಚ್ಚು ಸವೆದರೆ ಬಡಗಿ. ಬಗ್ಗಿ ನೋಡಿದ್ರೆ ನೀರು ಎಲ್ಲಿದೆ ಅಂತ ಕಾಣ್ತಿತ್ತು. ಕೆಟ್ಟಿದ್ದು ಯಾವುದು ಅನ್ನೋ ಪ್ರಶ್ನೆಯೇ ಏಳ್ತಿರಲಿಲ್ಲ. ಅದನ್ನು ನೆನೆದು ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಎತ್ತುಗಳನ್ನೂ ಬಾನಿ ಹೊಲಿದವರನ್ನೂ ಕೇಳಿದ್ರೆ ಬೇರೆ ಕಥೆ ಹೇಳಿಯಾರು.

ಆಮೇಲೆ ಯಂತ್ರ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂದೆ ಕಿರ್ಲೋಸ್ಕರವಾಡಿಯಲ್ಲಿ ನೇಗಿಲಿನ ಜೊತೆ ಪಂಪುಗಳನ್ನೂ ಮಾಡಿಸಿದರು. ಇತ್ತ ಕೊಯಮತ್ತೂರಿಗೆ 1930ರ ದಶಕದಲ್ಲಿ ಪೈಕಾರಾ ಜಲವಿದ್ಯುತ್ ಬಂದ ಮೇಲೆ ಮೋಟರು, ಪಂಪು ತಯಾರಿಕೆ ಅಲ್ಲಿ ಬೇರೂರಿತು. ದೇಶದಲ್ಲೇ ತಯಾರಾದ ಮೊದಲ ಎಲೆಕ್ಟ್ರಿಕ್ ಮೋಟರ್ ಅನ್ನೋ ಹೆಸರು ಇರೋದೂ ಅಲ್ಲಿನ ಜಿ.ಡಿ. ನಾಯ್ಡು ಅವರ ಕಾರ್ಖಾನೆಯ ಮೋಟರ್‌ಗೆ. ಮೈಸೂರು ಸಂಸ್ಥಾನದಲ್ಲಿ ಕರೆಂಟು ಅದಕ್ಕೂ ಮುಂಚೆಯೇ ಇತ್ತು. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೋಲಾರದ ಚಿನ್ನದ ಗಣಿಗೇ ಬಂದಿತ್ತು. ಗಣಿಗೆ ಬಂದ ಕರೆಂಟು ಪಕ್ಕದ ಹಳ್ಳಿಗಳ ಬಾವಿಗೆ ಬರೋಕೆ ಎಷ್ಟೋ ದಶಕ ಹಿಡೀತು ಅನ್ನೋದು ಬೇರೆ ಮಾತು.

ತೆರೆದ ಬಾವಿಗೆ ಮೋಟರ್ ಕೂರಿಸಿದಾಗ ಆ 25 ಅಡಿಯ ಲೆಕ್ಕ ಎದುರಿಗೆ ಬಂತು. ನೀರು ಇಳಿದ ಹಾಗೆಲ್ಲ ಮೋಟರನ್ನೂ ಇಳಿಸಬೇಕು. ಬಾವಿಯ ಒಳಗೋಡೆಯಲ್ಲಿ ಒಂದು ಕಟ್ಟೆ, ಅದಕ್ಕೆ ಮೋಟರ್. ಮರುವರ್ಷ ಇನ್ನೂ ಕೆಳಗೆ ಇನ್ನೊಂದು ಕಟ್ಟೆ. ನಮ್ಮ ತಾತನ ಬಾವಿಯಲ್ಲಿ ಇಂಥ ಮೂರು ಕಟ್ಟೆ ಇದ್ದವು. ರಿಪೇರಿ ಎಲ್ಲಾ ಮನೆಯವರ ಕೈಯಲ್ಲೇ. ನೀರು ಎತ್ತದೇ ಇದ್ರೆ ಫುಟ್‌ವಾಲ್ವ್ ಸೋರ್ತಿದೆ ಅಂತ ಅರ್ಥ. ಪೈಪಿನ ಬಾಯಿಂದ ಸಗಣಿ ನೀರು ಹುಯ್ದರೆ ಸೋರೋ ಕಡೆ ಹೋಗಿ ಕೂರುತ್ತೆ, ಆ ಹೊತ್ತಿಗೆ ಕೆಲಸ ಆಗುತ್ತೆ. ಪಕ್ಕದಲ್ಲಿ ಗಾಳಿ ಎಳೀತಿದ್ರೆ ಗ್ಲ್ಯಾಂಡಿನ ದಾರ ಬದಲಾಯಿಸು. ಇವೆಲ್ಲ ಹತ್ತನೇ ಕ್ಲಾಸಿನ ಹುಡುಗರಿಗೂ ಗೊತ್ತಿತ್ತು. ನೀರೇ ಇಲ್ಲದಿದ್ರೆ ಅದೂ ಕಾಣ್ತಿತ್ತು. ತಾತ ಬಾವಿಕಟ್ಟೆ ಮೇಲೆ ನಿಂತು ಕೆಳಗೆ ನೋಡಿ ಸುಮ್ಮನೆ ಮನೆಗೆ ಬಂದದ್ದು ನನಗೆ ನೆನಪಿದೆ. ಅವತ್ತು ಯಾರೂ ಮೆಕ್ಯಾನಿಕ್‌ನ ಕರೀಲಿಲ್ಲ.

ಕೊಳವೆಬಾವಿ ಬಂದಾಗ ಹೋಗಿದ್ದು ಈ ನೋಟ. ಆರೂವರೆ ಇಂಚಿನ ತೂತು. ಒಳಗೆ ಬಗ್ಗಿ ನೋಡೋದು ಏನನ್ನ?

ಮೊದಲು ಬಂದದ್ದು ಕೈಪಂಪು, ನಮ್ಮೂರಿನವರ ಬಾಯಲ್ಲಿ 'ಬೋರಿಂಗು'. ಅದರ ಹಿಂದಿರೋದು 1966–67ರ ಬಿಹಾರದ ಬರ. ಆಗ ಯುನಿಸೆಫ್ ಗಟ್ಟಿಬಂಡೆ ಕೊರೆಯುವ ಗಾಳಿಸುತ್ತಿಗೆಯ ರಿಗ್‌ಗಳನ್ನು ತರಿಸಿತು. ವಾರಗಟ್ಟಲೆ ಆಗ್ತಿದ್ದ ಕೆಲಸ ಗಂಟೆಗಳಿಗೆ ಇಳೀತು. ಆದ್ರೆ ಆ ಬಾವಿಗಳ ಮೇಲೆ ಕೂರಿಸಿದ್ದು ಹಳೇ ಬೀಡುಕಬ್ಬಿಣದ ಪಂಪು. ಅಮೆರಿಕ, ಯುರೋಪಿನ ಒಂದು ಮನೆಯವರು ದಿನಕ್ಕೆ ನಾಲ್ಕು ಸಲ ಬಳಸೋಕೆ ಅಂತ ಇದ್ದ ವಿನ್ಯಾಸದ ನಕಲು. ಅದನ್ನು ಇಲ್ಲಿ ಊರಿಗೆ ಊರೇ ಬೆಳಗಿನಿಂದ ರಾತ್ರಿವರೆಗೆ ಒತ್ತಿದರೆ ಏನಾಗಬೇಕು? 1970ರ ದಶಕದ ನಡುವೆ ಲೆಕ್ಕ ಹಾಕಿದಾಗ ಮುಕ್ಕಾಲು ಪಾಲು ಪಂಪು ಕೆಲಸ ಮಾಡ್ತಿರಲಿಲ್ಲ. ಕೆಳಗೆ ನೀರಿತ್ತು, ಮೇಲೆ ಜನ ಕೊಡ ಹಿಡಿದು ನಿಂತಿದ್ರು, ಕೆಟ್ಟಿದ್ದು ನಡುವಿನ ಯಂತ್ರ.

ಪರಿಹಾರದ ಬೀಜ ಸಿಕ್ಕಿದ್ದು ನಮ್ಮ ಗಡಿ ದಾಟಿದ ಕೂಡಲೇ ಸಿಗುವ ಸೊಲ್ಲಾಪುರದಲ್ಲಿ. ಅಲ್ಲಿನ ವರ್ಕ್‌ಶಾಪಿನ ಕೈಯಿಂದ ಬಂದ ಪಂಪಿನಲ್ಲಿ ಉಕ್ಕಿನ ಮೈ, ಹಿಡಿಕೆಗೆ ಒಂದೇ ಕೀಲು, ಒಳಗಿನ ಸರಳನ್ನು ಎತ್ತೋಕೆ ಸೈಕಲ್ ಚೈನಿನಂಥ ಸರಪಳಿ ಇತ್ತು. ಸರಪಳಿ ಇರೋದ್ರಿಂದ ಹಿಡಿಕೆ ಹೇಗೆ ಬಾಗಿದರೂ ಸರಳು ನೆಟ್ಟಗೇ ಏಳುತ್ತೆ, ಸವೆತ ಕಡಿಮೆ. ಅದನ್ನು ತಿದ್ದಿ, ಕೊಯಮತ್ತೂರು ಸುತ್ತಿನ ಆಳಬಾವಿಗಳಲ್ಲಿ ಪರೀಕ್ಷೆ ಮಾಡಿ, ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ 1977–78ರ ಹೊತ್ತಿಗೆ ತಯಾರಿಸಲು ಶುರುಮಾಡಿದ್ರು. ಅದೇ ಇಂಡಿಯಾ ಮಾರ್ಕ್ 2. ಶಾಲೆ ಪಕ್ಕದಲ್ಲೋ ದೇವಸ್ಥಾನದ ಮುಂದೋ ನೀವು ಒತ್ತಿ ಒತ್ತಿ ನೀರು ಕುಡಿದ ಪಂಪು ಬಹುಶಃ ಅದೇ. ಆಫ್ರಿಕಾದ ಎಷ್ಟೋ ದೇಶಗಳ ಹಳ್ಳಿಗಳಿಗೂ ಅದು ಹೋಗಿದೆ.

ನನಗೆ ಇದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸೋದು ಆಮೇಲಿನ ಕಥೆ. ಪಂಪು ಗಟ್ಟಿಯಾಯ್ತು ನಿಜ, ಆದ್ರೆ ಕೆಳಗಿನ ಸಿಲಿಂಡರ್‌ನಲ್ಲಿರುವ ಒಂದು ಚರ್ಮದ ವಾಷರ್ ಸವೆದರೂ ಇಡೀ ಪೈಪ್ ಸಾಲನ್ನು ಮೇಲಕ್ಕೆ ಎಳೀಬೇಕಾಗಿತ್ತು. ಅದಕ್ಕೆ ತಾಲ್ಲೂಕಿನಿಂದ ಗಾಡಿ, ಸಲಕರಣೆ, ಮೂರು ನಾಲ್ಕು ಜನ ಬರಬೇಕು. ವಾಷರ್ ಪುಡಿಗಾಸಿನದು, ಕಾಯೋದು ತಿಂಗಳುಗಟ್ಟಲೆ. 1983ರಿಂದ 88ರವರೆಗೆ ಕೊಯಮತ್ತೂರು ಕಡೆ ಮತ್ತೆ ಪರೀಕ್ಷೆ ನಡೀತು. ಚರ್ಮದ ಬದಲು ನೈಟ್ರೈಲ್ ರಬ್ಬರ್ ವಾಷರ್ ಹಾಕಿದ್ರೆ ಬಹಳ ಹೆಚ್ಚು ಕಾಲ ಬಾಳುತ್ತೆ ಅಂತ ಗೊತ್ತಾಯ್ತು. ಪೈಪನ್ನು ಸ್ವಲ್ಪ ಅಗಲ ಮಾಡಿದ್ರೆ, ಪೈಪು ಎಳೆಯದೆಯೇ ಒಳಗಿನ ಪಿಸ್ಟನ್ ಮಾತ್ರ ಮೇಲಕ್ಕೆ ತೆಗೀಬಹುದು ಅಂತಲೂ ಗೊತ್ತಾಯ್ತು. ಅದು ಮಾರ್ಕ್ 3. ಅಂದ್ರೆ ಊರಿನವರೇ ರಿಪೇರಿ ಮಾಡಿಕೊಳ್ಳೋ ಹಾಗೆ ಪಂಪನ್ನೇ ಬದಲಾಯಿಸಿದ್ರು. ಎಂಜಿನಿಯರುಗಳು ರಿಪೇರಿಯವನ ಕಡೆಯಿಂದ ಯೋಚನೆ ಮಾಡಿದ ಅಪರೂಪದ ಸಂದರ್ಭ ಇದು ಅಂತ ನನಗನಿಸುತ್ತೆ.

ನಮ್ಮ ಮೆಕ್ಯಾನಿಕ್‌ನ ತಂದೆ ಈ ಕೈಪಂಪುಗಳನ್ನೇ ರಿಪೇರಿ ಮಾಡ್ತಿದ್ದವರು. ಹಿಡಿಕೆ ಮುಟ್ಟಿದ ಕೂಡಲೇ ಹೇಳ್ತಿದ್ರಂತೆ. ತೀರಾ ಹಗುರ ಅಂದ್ರೆ ಸರಳು ಕಳಚಿದೆ. ಒತ್ತಿದಾಗ ಭಾರ ಇದ್ದು ನೀರು ನಿಧಾನಕ್ಕೆ ಬಂದ್ರೆ ವಾಷರ್. ಮೊದಲು ಹತ್ತು ಒತ್ತು ಬರೀ ಗಾಳಿ, ಆಮೇಲೆ ನೀರು ಬಂದ್ರೆ ಕೆಳಗಿನ ವಾಲ್ವ್ ಸೋರ್ತಿದೆ. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಾಗ್ತಿತ್ತು.

ಸಬ್‌ಮರ್ಸಿಬಲ್‌ನಲ್ಲಿ ಅದೂ ಇಲ್ಲ. ಉದ್ದಕ್ಕೆ, ಸಣ್ಣಗೆ, ಕೊಳವೆಯೊಳಗೆ ಇಳಿಯೋ ಹಾಗೆ ಮೋಟರ್ ಮಾಡಿ, ಅದನ್ನೇ ನೀರಲ್ಲಿ ಮುಳುಗಿಸಿ, ಕೆಳಗಿನಿಂದ ಮೇಲಕ್ಕೆ ತಳ್ಳಿಸೋದು ಇದರ ಉಪಾಯ. ಎಳೆಯೋ ಮಾತೇ ಇಲ್ಲದ ಮೇಲೆ ಟೊರಿಸೆಲ್ಲಿಯ ಲೆಕ್ಕದಿಂದ ಬಿಡುಗಡೆ. ಈ ಯಂತ್ರದ ಕಥೆಯಲ್ಲಿ ಮುಖ್ಯ ಹೆಸರು ಅರ್ಮೈಸ್ ಅರುತುನೋಫ್. 1893ರಲ್ಲಿ ಈಗಿನ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಹುಟ್ಟಿದ ಅರ್ಮೇನಿಯನ್. ಕ್ರಾಂತಿಯ ನಂತರ ರಷ್ಯಾ ಬಿಟ್ಟು ಜರ್ಮನಿ, ಅಲ್ಲಿಂದ ಅಮೆರಿಕ. 1920ರ ದಶಕದ ಕೊನೆಗೆ ಓಕ್ಲಹೋಮಾದ ಬಾರ್ಟಲ್ಸ್‌ವಿಲ್‌ನಲ್ಲಿ ನೆಲೆನಿಂತ. ಅವನ ಕಂಪನಿಯ ಹೆಸರು ರೆಡಾ, ಅಂದ್ರೆ 'ಅರುತುನೋಫನ ರಷ್ಯನ್ ಎಲೆಕ್ಟ್ರಿಕಲ್ ಡೈನಮೋ' ಎಂಬುದರ ಮೊದಲಕ್ಷರಗಳು. ಅವನು ಎತ್ತಿಸಿದ್ದು ನೀರಲ್ಲ, ಕಚ್ಚಾತೈಲ. ಆ ಉಪಾಯ ನೀರಿನ ಬಾವಿಗೂ ಬಂತು, ನಮ್ಮ ಹಿತ್ತಿಲಿಗೂ ಬಂತು.

ಬಂದ ಮೇಲೆ ಆಳಕ್ಕೆ ಕಡಿವಾಣ ಉಳೀಲಿಲ್ಲ. ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿಗಳು, ಅದೇ ಟಿಎನ್ 34 ನಂಬರ್ ಪ್ಲೇಟಿನವು, ನಮ್ಮ ಊರುಗಳಲ್ಲಿ ರಾತ್ರಿಯಿಡೀ ಧೂಳೆಬ್ಬಿಸಿದವು. ತೋಟದ ಪಂಪಿಗೆ ತ್ರೀ ಫೇಸ್ ಕರೆಂಟು ಕೆಲವೇ ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ಅದಕ್ಕೆ ಆಟೋ ಸ್ಟಾರ್ಟರ್. ಕರೆಂಟು ಬಂದ ಕೂಡಲೇ ಮೋಟರ್ ತಾನಾಗೇ ಹೊರಡುತ್ತೆ, ನೀರಿದ್ರೂ ಇಲ್ಲದಿದ್ರೂ. ನೀರೇ ಮೋಟರನ್ನು ತಣ್ಣಗಿಡೋದು, ಅದಿಲ್ಲದೆ ಓಡಿದ್ರೆ ಸುಡುತ್ತೆ. ಬೆಳಗ್ಗೆ ಎದ್ದು ನೋಡಿದ್ರೆ ಮೋಟರ್ ಸುಟ್ಟಿರುತ್ತೆ. ತಾಲ್ಲೂಕು ಕೇಂದ್ರದ ರಿವೈಂಡಿಂಗ್ ಅಂಗಡಿಗಳಲ್ಲಿ ವಾರ್ನಿಷ್ ವಾಸನೆ ನಡುವೆ ಸಾಲಾಗಿ ಬಿದ್ದಿರ್ತಿದ್ದ ಮೋಟರುಗಳನ್ನು ನೋಡಿಯೇ ಬೇಸಿಗೆ ಹೇಗಿದೆ ಅಂತ ಹೇಳಬಹುದಿತ್ತು. ನೀರು ಮುಗಿದ ಸುದ್ದಿ ಮನೆಗೆ ತಲುಪ್ತಿದ್ದದ್ದು ಸುಟ್ಟ ಮೋಟರಿನ ಮೂಲಕ. 2011ರಲ್ಲಿ ರಾಜ್ಯದಲ್ಲಿ ಅಂತರ್ಜಲ ನಿಯಂತ್ರಣದ ಕಾಯ್ದೆ ಬಂತು, ಬೋರ್ ಹಾಕಿಸೋಕೆ ಅನುಮತಿಯ ನಿಯಮ ಬಂತು. ನಮ್ಮ ಏಜೆಂಟ್ "ನಾಳೆ ಗಾಡಿ ಕಳಿಸ್ತೀನಿ" ಅಂದಾಗ ಅನುಮತಿಯ ಮಾತು ಎತ್ತಲೇ ಇಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ.

ಮತ್ತೆ ನಮ್ಮ ಮನೆ ಮುಂದಕ್ಕೆ ಬರೋಣ.

ಮೆಕ್ಯಾನಿಕ್ ಮೊದಲು ಕೇಳಿದ್ದು, "ನಿನ್ನೆ ನೀರು ಹೆಂಗೆ ನಿಂತೋಯ್ತಮ್ಮಾ?" ಅಮ್ಮ ಹೇಳಿದ್ರು, "ಚೆನ್ನಾಗೇ ಬತ್ತಾ ಇತ್ತಪ್ಪ, ಟಕ್ ಅಂತ ನಿಂತೋಯ್ತು." ಅಲ್ಲೇ ಅರ್ಧ ಉತ್ತರ ಸಿಕ್ಕಿತ್ತು. ನೀರು ಬತ್ತೋದು ಹಾಗಲ್ಲ. ಮೊದಲು ಗಾಳಿ ಬೆರೆತು ಪುಸ್ ಪುಸ್ ಅನ್ನುತ್ತೆ, ಸ್ವಲ್ಪ ಹೊತ್ತು ನಿಲ್ಲಿಸಿ ಹಾಕಿದ್ರೆ ಎರಡು ಬಿಂದಿಗೆ ಬರುತ್ತೆ, ಮತ್ತೆ ನಿಲ್ಲುತ್ತೆ. ವಾರಗಟ್ಟಲೆ ಮುನ್ಸೂಚನೆ ಇರುತ್ತೆ. ಇಲ್ಲಿ ರಾತ್ರಿಯೆಲ್ಲಾ ಬಿಟ್ಟಿದ್ರೂ ಬೆಳಗ್ಗೆ ಒಂದು ಹನಿ ಇಲ್ಲ.

ನಾನು ಜಾಣತನ ಮಾಡೋಕೆ ಹೋಗಿ ಒಂದು ಸಣ್ಣ ಕಲ್ಲು ಹಾಕಿ ಸದ್ದು ಕೇಳೋಣ್ವಾ ಅಂದೆ. ಮೆಕ್ಯಾನಿಕ್‌ಗೆ ನಿಜವಾಗಲೂ ಕೋಪ ಬಂತು. "ಅಣ್ಣಾ, ಆ ಕಲ್ಲು ಪಂಪಿಗೂ ಬೋರಿಗೂ ನಡುವೆ ಕಚ್ಕೊಂಡ್ರೆ ಮೋಟ್ರು ಮೇಲಕ್ಕೆ ಬರಾಕಿಲ್ಲ. ಹಂಗೇ ಬಿಟ್ಟು ಹೋಗ್ಬೇಕು." ಇದನ್ನು ದಯವಿಟ್ಟು ನೀವೂ ನೆನಪಿಡಿ.

ಹನ್ನೊಂದು ಗಂಟೆಗೆ ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿದ್ರು. 20 ಅಡಿಯ ಜಿಐ ಪೈಪು, ಒಟ್ಟು 21. ಒಂದು ಎತ್ತಿ, ಕ್ಲ್ಯಾಂಪ್ ಹಾಕಿ, ರೆಂಚಿನಲ್ಲಿ ಬಿಚ್ಚಿ ಪಕ್ಕಕ್ಕೆ ಇಡೋದು, ಮತ್ತೆ ಇನ್ನೊಂದು. ಮೊದಲ ಪೈಪು ಬಿಚ್ಚಿದಾಗಲೇ ಒಳಗಿದ್ದ ನೀರು ಚೆಲ್ಲಿತು. ಪೈಪಿನಲ್ಲಿ ನೀರು ನಿಂತಿದೆ ಅಂದ್ರೆ ಎಲ್ಲೂ ತೂತಿಲ್ಲ, ಕೆಳಗಿನ ವಾಲ್ವ್ ಗಟ್ಟಿಯಾಗಿದೆ. ಅಮ್ಮ ನೆರಳಲ್ಲಿ ಕೂತು ಪೈಪು ಎಣಿಸ್ತಾ ಇದ್ರು. ಏಜೆಂಟ್ ಇನ್ನೂ ಹೋಗಿರಲಿಲ್ಲ.

ಹದಿನೈದನೇ ಪೈಪಿನ ಹತ್ತಿರ ಮೆಕ್ಯಾನಿಕ್ ಪುಲ್ಲಿ ನಿಲ್ಲಿಸಿ ಕೈಯಿಂದ ಸವರಿದ್ರು. ಅಲ್ಲಿವರೆಗೆ ಹೊರಮೈ ಒಣ ತುಕ್ಕು. ಅಲ್ಲಿಂದ ಕೆಳಗೆ ಜಾರುವ ಕಂದು ಪೊರೆ. ವರ್ಷಗಟ್ಟಲೆ ನೀರೊಳಗೇ ಇದ್ದ ಪೈಪಿಗೆ ಮಾತ್ರ ಹಾಗಿರುತ್ತೆ. "ನೀರು ಇಲ್ಲೈತೆ ನೋಡಮ್ಮಾ" ಅಂದ್ರು. ಅಂದ್ರೆ ಮುನ್ನೂರು ಅಡಿಯೊಳಗೇ ನೀರಿದೆ, ಪಂಪಿನ ಮೇಲೆ ನೂರು ಅಡಿಗೂ ಹೆಚ್ಚು. ನಾನು ತಿರುಗಿ ನೋಡುವಷ್ಟರಲ್ಲಿ ಏಜೆಂಟ್ ಗಾಡಿ ಸ್ಟಾರ್ಟ್ ಮಾಡ್ತಾ ಇದ್ರು.

ಪಂಪು ಮೇಲೆ ಬಂದಾಗ ಎರಡು ಗಂಟೆ. ಬೋಲ್ಟ್ ಬಿಚ್ಚಿ ಮೋಟರನ್ನು ಬೇರೆ ಮಾಡಿದ್ರೆ ಕಪ್ಲಿಂಗಿನ ಒಳಗಿನ ಹಲ್ಲುಗಳು ಪೂರ್ತಿ ಸವೆದು ನುಣ್ಣಗಾಗಿದ್ದವು. ಮೋಟರಿನ ಶಾಫ್ಟು ಅದರೊಳಗೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗ್ತಿತ್ತು. ಪಂಪಿನ ಇಂಪೆಲ್ಲರುಗಳಲ್ಲೂ ಮರಳಿನ ಸವೆತ ಇತ್ತು, ಎರಡನ್ನು ಬದಲಾಯಿಸಿದ್ರು. ಹೊಸ ಕಪ್ಲಿಂಗ್ ತರೋಕೆ ನಾನೇ ತಾಲ್ಲೂಕಿಗೆ ಹೋಗಿ ಬಂದೆ. ಅಷ್ಟರಲ್ಲಿ ಕೇಬಲ್ ಜಾಯಿಂಟಿಗೂ ಹೊಸ ಟೇಪು ಸುತ್ತಿದ್ರು. ಪಂಪು ಮೇಲೆ ಇರುವಾಗಲೇ ಮಾಡಬೇಕಾದ ಕೆಲಸ ಅದು. ತೆರೆದ ಬೋರಿಗೆ ದಾರಕ್ಕೆ ಕಟ್ಟಿದ ಕಬ್ಬಿಣದ ನಟ್ಟನ್ನು ಇಳಿಸಿ ನೀರಿನ ಮಟ್ಟವನ್ನೂ ಅಳೆದ್ರು. ಪೈಪಿನ ಲೆಕ್ಕಕ್ಕೆ ಸರಿಹೋಯ್ತು.

ಕತ್ತಲಾದ ಮೇಲೆ ಟಾರ್ಚ್ ಬೆಳಕಲ್ಲಿ ಬಟನ್ ಒತ್ತಿದ್ರು. ಮುಳ್ಳು 18ಕ್ಕೆ ಹೋಗಿ ನಿಂತಿತು. ಮೊದಲು ಕೆಂಪು ನೀರು, ಐದು ನಿಮಿಷ ಬಿಟ್ಟು ತಿಳಿ.

ದುಡ್ಡು ಎಣಿಸಿಕೊಂಡ ಮೇಲೆ ಮೆಕ್ಯಾನಿಕ್ ಪ್ಯಾನೆಲ್ ಬಾಗಿಲು ಪೂರ್ತಿ ತೆಗೆದು, ಜೇಬಿಂದ ಮಾರ್ಕರ್ ಪೆನ್ ತೆಗೆದ್ರು. ಬಾಗಿಲಿನ ಒಳಮೈಯಲ್ಲಿ ಆಗಲೇ ಎರಡು ಸಾಲು ಇದ್ದವು, ನಾನು ಯಾವತ್ತೂ ನೋಡಿರಲಿಲ್ಲ. '2006, 9ನೇ ಪೈಪ್' ಅಂತ ಅವರ ತಂದೆಯ ಅಕ್ಷರ. ಅದರ ಕೆಳಗೆ '2014, 12ನೇ ಪೈಪ್', ಇವರದ್ದೇ ಅಕ್ಷರ. ಅದರ ಕೆಳಗೆ ಅವತ್ತಿನ ತಾರೀಖು ಹಾಕಿ '15ನೇ ಪೈಪ್' ಅಂತ ಬರೆದ್ರು.

ಅಮ್ಮ ಕೇಳಿದ್ರು, "ಇನ್ನೆಷ್ಟು ಪೈಪು ಐತಪ್ಪ ಕೆಳಗೆ?"

"ಆರು ಐತಮ್ಮಾ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಓಡ್ಸಿ. ಡ್ರೈ ರನ್ ಕಟ್ ಒಂದು ಹಾಕಿಸ್ಕೊಳ್ಳಿ, ಮುಂದಿನ ವಾರ ತರ್ತೀನಿ" ಅಂದು ಚೈನ್ ಸುತ್ತಿ ಗಾಡಿಗೆ ಹಾಕಿಕೊಂಡು ಹೊರಟ್ರು.

ನಿಮ್ಮ ಮನೆಯ ಪ್ಯಾನೆಲ್ ಬಾಗಿಲಿನ ಒಳಗೆ ಯಾರಾದ್ರೂ ಏನಾದ್ರೂ ಬರೆದಿದ್ದಾರಾ ಅಂತ ಒಮ್ಮೆ ತೆಗೆದು ನೋಡಿ, ಮೇನ್ ಸ್ವಿಚ್ ಆಫ್ ಮಾಡಿ ಆಮೇಲೆ. ಬರೆದಿದ್ರೆ ಒಂದು ಫೋಟೋ ತೆಗೆದು ನಮಗೆ ಕಳಿಸಿ. ಇಸವಿ ಮತ್ತು ಅಡಿ ಕಾಣೋ ಹಾಗಿದ್ರೆ ಸಾಕು, ಮುಂದಿನ ಸಂಚಿಕೆಯಲ್ಲಿ ಅವುಗಳನ್ನೇ ಓದೋಣ.